ಡೊಂಬಿವಲಿಯ ಸೈಕಾಲಜಿ ರಿವಿಷನ್ ಕ್ಲಾಸು: ಧಾರಾಳವಾಗಿ ಸೇರಬಹುದು

ಮಗಳು ಎಫ್‌ವೈಬಿಎ, ಅಂದರೆ ಬಿಎ ಮೊದಲ ವರ್ಷ. ಪರೀಕ್ಷೆಗೆ ಮುಂಚೆ ಸ್ಟೇಷನ್ ಹತ್ತಿರದ ಈ ಕ್ಲಾಸಿಗೆ ಸೇರಿಸಿದೆವು. ಕಲಿಸುವವರು ಧಾರವಾಡ ಕಡೆಯ ಮೇಡಂ. ತಿಳಿಯದ ಕಡೆ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ಊಟದ ಸೂಚನೆ ಸಿಕ್ಕರೇ ಜೊಲ್ಲು ಸುರಿಸುವ ಪಾವ್ಲೋವ್ ನಾಯಿ, ಮನಃಶಾಸ್ತ್ರದ ಮೊದಲನೆಯದು ಎನ್ನುವ 1879ರ ವುಂಟ್ ಪ್ರಯೋಗಾಲಯ ಬೇಗ ಮುಗಿದವು. ಆದರೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್‌ಗೆ ಪೂರ್ತಿ ಒಂದು ತಾಸು ಕೊಟ್ಟರು. ಸುಮಾರು ಮಕ್ಕಳು ಅದನ್ನು ಶಿಕ್ಷೆ ಅಂದುಕೊಂಡಿರುತ್ತಾರೆ, ಅಲ್ವಾ? 'ಕಾರಿನಲ್ಲಿ ಬೆಲ್ಟ್ ಹಾಕಿದ ಕೂಡಲೇ ಕಿರಿಕಿರಿಯ ಬೀಪ್ ನಿಲ್ಲುತ್ತದೆ. ಹಾಗಾಗಿ ಮುಂದಿನ ಸಲವೂ ಹಾಕುತ್ತೀರಿ. ಶಿಕ್ಷೆ ಒಂದು ನಡತೆಯನ್ನು ಕಡಿಮೆ ಮಾಡುತ್ತದೆ, ಇದು ಜಾಸ್ತಿ ಮಾಡುತ್ತದೆ' ಎಂದರಂತೆ. ಮಗಳು ಮನೆಗೆ ಬಂದು ಅಜ್ಜಿಗೂ ವಿವರಿಸಿದಳು!

ನೆನಪಿನ ಪಾಠ ಮಾತ್ರ ಓಡಿಸಿಬಿಟ್ಟರು. ಎಬ್ಬಿಂಗ್‌ಹೌಸ್‌ನ ಮರೆವಿನ ಗೆರೆಯನ್ನು (ಕಲಿತದ್ದು ದಿನ ಕಳೆದಂತೆ ಎಷ್ಟು ಮರೆತುಹೋಗುತ್ತದೆ ಎಂದು ತೋರಿಸುವ ಗ್ರಾಫ್) ಬೋರ್ಡ್ ಮೇಲೆ ಬರೆದು ಸುಮ್ನೆ ಅಳಿಸಿದರಂತೆ. ಅಷ್ಟು ಮುಖ್ಯ ವಿಷಯಕ್ಕೆ ಇನ್ನೊಂದು ದಿನ ಕೊಡಲೇಬೇಕಿತ್ತು. ಫ್ಯಾನ್ ಕೆಳಗೆ ಜಾಗ ಬೇಕಿದ್ದರೆ ಬೇಗ ಹೋಗಿ.