ವಿಕ್ರಾಂತ್ ಪೈಲಟ್‌ಗಳ ನೆನಪಿಗೆ ಗೋಡೆಯ ಮೇಲೊಂದು ಸೀ ಹಾಕ್: ಕ್ಯಾನ್ವಾಸ್ ಪೋಸ್ಟರ್, ಕೈಯಲ್ಲಿ ಬರೆಸಿದ ಚಿತ್ರ, ಸೈಡ್ ಪ್ರೊಫೈಲ್

1971ರ ಭಾರತ-ಪಾಕ್ ಯುದ್ಧದಲ್ಲಿ ನಮ್ಮ ನೌಕಾಪಡೆಯ ಆಗಿನ ವಿಮಾನವಾಹಕ ಹಡಗು ವಿಕ್ರಾಂತ್‌ನಿಂದ ಹಾರಿದ ಜೆಟ್ ಯುದ್ಧವಿಮಾನ ಸೀ ಹಾಕ್. ಅದರ ಮೂರು ಬಗೆಯ ಚಿತ್ರ ತರಿಸಿ ನೋಡಿದೆ. ನನ್ನ ಓಟು ಸೈಡ್ ಪ್ರೊಫೈಲ್‌ಗೆ. ವಿಮಾನವನ್ನು ಪಕ್ಕದಿಂದ ನೋಡಿದ ಹಾಗೆ ಬಿಳಿ ಕಾಗದದ ಮೇಲೆ ಬರೆದ ಚಿತ್ರ ಅದು. ಮೋಡ ಇಲ್ಲ, ಬೆಂಕಿ ಇಲ್ಲ, ಸಮುದ್ರವೂ ಇಲ್ಲ. ಕೆಳಗೆ ಎರಡೇ ಸಾಲು: ಐಎನ್‌ಎಎಸ್ 300, ವಿಕ್ರಾಂತ್, ಡಿಸೆಂಬರ್ 1971, ಮತ್ತು ಐಎನ್‌ಎಎಸ್ 300 ಎಂಬ ಆ ನೌಕಾ ವಿಮಾನ ದಳವನ್ನು ಮುನ್ನಡೆಸಿ ಮಹಾವೀರ ಚಕ್ರ ಪಡೆದ ಸಂತೋಷ್ ಕುಮಾರ್ ಗುಪ್ತಾ ಅವರ ಹೆಸರು. ಮೂರರಲ್ಲಿ ಇದೇ ಅಗ್ಗ, ಇದೇ ಸರಿಯಾದದ್ದು.

ಮೊದಲು ತರಿಸಿದ್ದು ದೊಡ್ಡ ಕ್ಯಾನ್ವಾಸ್ ಪೋಸ್ಟರ್. ಆನ್‌ಲೈನ್ ಅಂಗಡಿಯದು, 2,600 ರೂಪಾಯಿ. 'ವಿಕ್ರಾಂತ್ 1971' ಅಂತ ಹೆಸರು. ಬಣ್ಣ ಕಣ್ಣಿಗೆ ಹೊಡೆಯುವಷ್ಟು ಚೆನ್ನಾಗಿದೆ. ಆದರೆ ಗೋಡೆಗೆ ಹಾಕಿ ನಿಂತು ನೋಡಿದರೆ ಹಡಗಿನ ಮೂತಿ ಮೇಲಕ್ಕೆ ಬಾಗಿದೆ. ಸ್ಕೀ ಜಂಪ್, ಅಂದರೆ ವಿಮಾನ ಮೇಲೇಳಲು ನೆರವಾಗುವ ಏರು!

1971ರಲ್ಲಿ ವಿಕ್ರಾಂತ್‌ಗೆ ಸ್ಕೀ ಜಂಪ್ ಇರಲಿಲ್ಲ. ಅದು ಬಂದದ್ದು 1980ರ ದಶಕದಲ್ಲಿ, ಸೀ ಹ್ಯಾರಿಯರ್ ವಿಮಾನಗಳಿಗಾಗಿ. ಯುದ್ಧದ ಹೊತ್ತಿಗೆ ಡೆಕ್ ಚಪ್ಪಟೆ. ಸೀ ಹಾಕ್‌ಗಳನ್ನು ಹಬೆಯ ಕ್ಯಾಟಪಲ್ಟ್ ಎಳೆದು ಎಸೆಯುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ಆ ಪೈಲಟ್‌ಗಳ ಕಷ್ಟವೆಲ್ಲ ಅಲ್ಲೇ ಇದೆ. ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಹಡಗು ಪೂರ್ತಿ ವೇಗದಲ್ಲಿ ಓಡುವ ಹಾಗಿರಲಿಲ್ಲ. ಹಡಗು ನಿಧಾನವಾದರೆ ಡೆಕ್ ಮೇಲೆ ಎದುರುಗಾಳಿ ಕಡಿಮೆ. ಎದುರುಗಾಳಿ ಕಡಿಮೆಯಾದರೆ ಬಾಂಬು ಹೊತ್ತ ವಿಮಾನ ಮೇಲೇಳುವುದು ಕಷ್ಟ. ಅಂಥ ಹಡಗಿನಿಂದ ಡಿಸೆಂಬರ್ 4ರಂದು ಹೊರಟ ಸೀ ಹಾಕ್‌ಗಳು ಆಗಿನ ಪೂರ್ವ ಪಾಕಿಸ್ತಾನದ, ಈಗಿನ ಬಾಂಗ್ಲಾದೇಶದ, ಕಾಕ್ಸ್ ಬಜಾರ್ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿದವು. ಅದೇ ದಿನ ಚಿತ್ತಗಾಂಗ್ ಮೇಲೂ. ಆಮೇಲೆ ಖುಲ್ನಾ, ಮೊಂಗ್ಲಾ ಕಡೆಗೂ ಹೋದವು. ಪ್ರತಿ ಸಲ ಹಿಂತಿರುಗಿ ಅದೇ ಚಿಕ್ಕ ಡೆಕ್ ಮೇಲೆ ಹುಕ್ಕು ತಂತಿಗೆ ಸಿಕ್ಕಿಸಿ ಇಳಿಯಬೇಕಿತ್ತು. ಕಲಾವಿದ ಸ್ಕೀ ಜಂಪ್ ಬರೆದುಬಿಟ್ಟರೆ ಈ ಕಥೆಯೇ ಅಳಿಸಿಹೋಗುತ್ತದೆ.

ತಪ್ಪು ಅಷ್ಟಕ್ಕೇ ನಿಂತಿಲ್ಲ. ವಿಮಾನದ ಬಾಲದಿಂದ ಬೆಂಕಿ ಬರುತ್ತಿದೆ. ಸೀ ಹಾಕ್‌ನ ಬಾಲದಲ್ಲಿ ಜೆಟ್ ಕೊಳವೆಯೇ ಇಲ್ಲ. ಎಂಜಿನ್‌ನ ಬಿಸಿಗಾಳಿ ಎರಡು ಕವಲಾಗಿ, ರೆಕ್ಕೆ ಮೈಗೆ ಸೇರುವ ಕಡೆ ಹಿಂಬದಿಯಲ್ಲಿ, ಆ ಪಕ್ಕ ಈ ಪಕ್ಕ ಹೊರಬರುತ್ತದೆ. ಹೀಗೆ ಮಾಡಿದ್ದರಿಂದ ಹಿಂದಿನ ಮೈಯಲ್ಲಿ ಇಂಧನಕ್ಕೆ ಜಾಗ ಸಿಕ್ಕಿತು. ಗೋವಾದ ನೌಕಾ ವಾಯುಯಾನ ಮ್ಯೂಸಿಯಂನಲ್ಲಿ ಸೀ ಹಾಕ್ ನಿಂತಿದೆ. ಅದರ ಹಿಂದೆ ಹೋಗಿ ನಿಂತರೆ ಯಾರಿಗಾದರೂ ಗೊತ್ತಾಗುತ್ತದೆ. ನಮ್ಮ ಕಾರವಾರದಿಂದ ಹೋಗಿ ಸಂಜೆಗೆ ವಾಪಸ್ ಬರಬಹುದು.

ಅಂಗಡಿಯವರಿಗೆ ಫೋಟೊ ಕಳಿಸಿ ಕೇಳಿದೆ. "ಹಡಗು ಅದೇ ಅಲ್ವಾ ಸಾರ್, ಈಗ ಜನ ಗುರುತಿಸೋದು ಹೀಗೇ" ಅಂದರು. ದುಡ್ಡು ವಾಪಸ್ ಬರಲಿಲ್ಲ. ದುಡ್ಡಿಗಿಂತ ಆ ಮಾತೇ ನನಗೆ ಜಾಸ್ತಿ ಬೇಜಾರು ತಂದದ್ದು. ಯುದ್ಧ ಮಾಡಿದವರ ಹೆಸರಲ್ಲಿ ಮಾರುವ ಚಿತ್ರಕ್ಕೆ ಅವರ ಹಡಗನ್ನಾದರೂ ಸರಿಯಾಗಿ ಬರೆಯಬೇಕು.

ಎರಡನೆಯದು ಕೈಯಲ್ಲಿ ಬರೆಸಿದ್ದು. ಆಕ್ರಿಲಿಕ್, 18,000 ರೂಪಾಯಿ, ಫ್ರೇಮ್ ಬೇರೆ. ಚಿತ್ರ ನಿಜಕ್ಕೂ ಸೊಗಸು. ಡೆಕ್ ಮೇಲೆ ತೇಲುವ ಹಬೆ, ರೆಕ್ಕೆ ಮಡಚಿ ನಿಂತ ಇನ್ನೊಂದು ಸೀ ಹಾಕ್, ಬಗ್ಗಿ ಓಡುವ ಡೆಕ್ ಹುಡುಗರು. ಪೆನ್ಸಿಲ್ ಸ್ಕೆಚ್‌ನಲ್ಲಿ ಇವರೂ ಬಾಲಕ್ಕೆ ಕೊಳವೆ ಇಟ್ಟಿದ್ದರು. ಮ್ಯೂಸಿಯಂ ಫೋಟೊ ಕೊಟ್ಟ ಕೂಡಲೇ ತಿದ್ದಿದರು. ಬಣ್ಣ ಹಚ್ಚುವ ಮೊದಲು ಸ್ಕೆಚ್ ತೋರಿಸಿ ಅಂತ ಕೇಳುವುದನ್ನು ಬಿಡಬೇಡಿ. ತೊಂದರೆ ಏನೆಂದರೆ ನಮ್ಮ ಕರಾವಳಿಯ ಮಳೆಗಾಲ. ಜುಲೈ ಬಂದರೆ ಕ್ಯಾನ್ವಾಸ್ ಹಿಂದೆ ಬೂಷ್ಟು. ಅಷ್ಟು ದುಡ್ಡಿನ ಚಿತ್ರವನ್ನು ಒರೆಸುವಾಗ ಕೈ ನಡುಗುತ್ತದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇದ್ದು, ಕೈಯಲ್ಲಿ ದುಡ್ಡಿದ್ದರೆ ಇದನ್ನೇ ಬರೆಸಿ.

ಬ್ರಿಟನ್, ಅಮೆರಿಕದಲ್ಲಿ ಪೈಲಟ್‌ಗಳೇ ಪೆನ್ಸಿಲ್‌ನಲ್ಲಿ ಸಹಿ ಹಾಕಿದ ಸೀಮಿತ ಪ್ರತಿಗಳು ಸಿಗುತ್ತವೆ. ಸಾಗಣೆ, ಸುಂಕ ಸೇರಿದರೆ ನನ್ನ ಕೈಗೆ ಎಟುಕುವ ಮಾತಲ್ಲ.

ಪ್ರೊಫೈಲ್‌ಗೆ ಬಂದರೆ, ಪ್ರಿಂಟ್ 900, ಫ್ರೇಮ್ 1,100. ಎ3 ಅಳತೆ. ಮೇಲೆ ಕಡು ಬೂದು ಬಣ್ಣ, ಹೊಟ್ಟೆಯ ಕಡೆ ತಿಳಿ ಬಣ್ಣ. ಮೂಗಿನ ಕೆಳಗೆ 20 ಮಿ.ಮೀ. ತೋಪುಗಳ ಬಾಯಿ. ಬಿಸಿಗಾಳಿಯ ಕಿಂಡಿ ಇರಬೇಕಾದ ಕಡೆಯೇ ಇದೆ. ಯುದ್ಧದ ರಭಸ ಇದರಲ್ಲಿ ಕಾಣುವುದಿಲ್ಲ, ನಿಜ. ಹಡಗೂ ಇಲ್ಲ. ಆದರೆ ಮನೆಗೆ ಬಂದವರು ಹತ್ತಿರ ಹೋಗಿ ಓದುತ್ತಾರೆ. "ಯಾರಿವರು?" ಅಂತ ಕೇಳುತ್ತಾರೆ. ಪೋಸ್ಟರ್ ನೋಡಿದವರು ಪೈಲಟ್ ಬಗ್ಗೆ ಕೇಳಿದ್ದೇ ಇಲ್ಲ. ಬೆಂಕಿ ಚೆನ್ನಾಗಿದೆ ಅನ್ನುತ್ತಿದ್ದರು. ಬೂಷ್ಟು ಹಿಡಿದರೆ ಇನ್ನೊಂದು ಪ್ರಿಂಟ್ ತರಿಸಿದರಾಯಿತು. ಪಿಗ್ಮೆಂಟ್ ಶಾಯಿಯದೇ ಕೇಳಿ, ಬೇಗ ಮಾಸುವುದಿಲ್ಲ. ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ಮೌಂಟ್ ಹಾಕಿಸಿ.

ನಾನು ಗೋಡೆಯ ಚಿತ್ರಗಳನ್ನು ಆಗಾಗ ಬದಲಿಸುವವನು, ಹೊಸದು ಸೇರಿಸುವವನು. ಹಾಗಾಗಿ ಒಂದೇ ದೊಡ್ಡ ಚಿತ್ರಕ್ಕಿಂತ ಒಂದೇ ಅಳತೆಯ ಸಾಲು ನನಗೆ ಹೊಂದುತ್ತದೆ. ಮುಂದಿನದು ಅಲಿಝೆ, ಜಲಾಂತರ್ಗಾಮಿ ಹುಡುಕುವ ವಿಮಾನ. ಅದೂ ವಿಕ್ರಾಂತ್‌ನಿಂದಲೇ ಹಾರಿದ್ದು, ಅದರಲ್ಲಿ ಮೂವರು ಕೂರುತ್ತಿದ್ದರು. ಕೆಳಗೆ ಮೂರು ಹೆಸರಿಗೆ ಜಾಗ ಬಿಡಿ ಅಂತ ಆಗಲೇ ಹೇಳಿಟ್ಟಿದ್ದೇನೆ.