ರೀಸ್ಟಾರ್ಟ್ ಆದ ಮೇಲೆ ಪರದೆ ಕಪ್ಪಾದರೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರ ಟ್ಯಾಲಿ ಲೆಕ್ಕವೆಲ್ಲ ಹೋಗಿದೆ. ಲ್ಯಾಪ್‌ಟಾಪ್ ಕೆಟ್ಟು ಹೋದದ್ದಲ್ಲ, ರಿಪೇರಿಗೆ ಕೊಟ್ಟು ಹೋದದ್ದು. ಮಂಡ್ಯ, ಮೈಸೂರಿನ ವ್ಯಾಪಾರಿಗಳು, ಆಡಿಟರ್ ಆಫೀಸಿನವರು, ಡಿಟಿಪಿ ಮಾಡುವವರು ದಯವಿಟ್ಟು ಇದನ್ನು ಕೊನೆತನಕ ಓದಿ.

ವಿಂಡೋಸ್ 11 ಅಪ್‌ಡೇಟ್ ಜೊತೆಗೆ ಹೊಸ ಡಿಸ್‌ಪ್ಲೇ ಡ್ರೈವರ್ (ಪರದೆಯನ್ನು ನಡೆಸುವ ತಂತ್ರಾಂಶ) ಕೂಡ ಬಂದಿತ್ತು. ರೀಸ್ಟಾರ್ಟ್ ಕೊಟ್ಟಾಗ ಕಂಪನಿ ಲೋಗೋ ಕಾಣಿಸಿತು, ಚುಕ್ಕಿಗಳು ಸುತ್ತಿದವು, ಆಮೇಲೆ ಬರೀ ಕಪ್ಪು. ರಿಪೇರಿ ಅಂಗಡಿಯವರು ಬ್ಯಾಟರಿ ಬಿಚ್ಚಿ ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ, ಯಂತ್ರದ ಮೂಲ ತಂತ್ರಾಂಶ) ರೀಸೆಟ್ ಮಾಡಿದರು. ಮತ್ತೆ ಆನ್ ಮಾಡಿದರೆ ನೀಲಿ ಪರದೆ ಬಂದು ಬಿಟ್‌ಲಾಕರ್ ಎಂಬ ವಿಂಡೋಸ್‌ನ ಡಿಸ್ಕ್ ಬೀಗದ 48 ಅಂಕಿಯ ರಿಕವರಿ ಕೀ ಕೇಳಿತು. 'ಡಿಸ್ಕೇ ಲಾಕ್ ಆಗಿದೆ, ಫಾರ್ಮ್ಯಾಟ್ ಬಿಟ್ಟರೆ ದಾರಿ ಇಲ್ಲ' ಎಂದರು. ಜಿಎಸ್‌ಟಿ ರಿಟರ್ನ್ ಹಾಕುವ ಗಡುವು ತಲೆಯ ಮೇಲಿತ್ತು, ಇವರು ಹೂಂ ಎಂದುಬಿಟ್ಟರು. ಹೊಸ ವಿಂಡೋಸ್ ಹಾಕಿಸಿ ಮನೆಗೆ ತಂದರು. ಅಪ್‌ಡೇಟ್ ಮುಗಿದು ರೀಸ್ಟಾರ್ಟ್ ಆದಾಗ ಮತ್ತೆ ಅದೇ ಕಪ್ಪು ಪರದೆ. ತೊಂದರೆ ಕೊಡುತ್ತಿದ್ದದ್ದು ಡ್ರೈವರ್ ಎಂದು ಗೊತ್ತಾದದ್ದೇ ಆಗ. ಕೇಳಿದ ಕೀ ಕೂಡ ಮಗನ ಮೈಕ್ರೋಸಾಫ್ಟ್ ಖಾತೆಯಲ್ಲಿ ಭದ್ರವಾಗಿ ಕೂತಿತ್ತು, ಮೊದಲ ದಿನ ಲ್ಯಾಪ್‌ಟಾಪ್ ಸೆಟಪ್ ಮಾಡಿದ್ದು ಅವನೇ.

ಬಿಟ್‌ಲಾಕರ್ ಕೀ ಕೇಳಿತೆಂದರೆ ಡಿಸ್ಕ್ ಹಾಳಾಯಿತೆಂದಲ್ಲ. ಡಿಸ್ಕ್ ತೆರೆಯುವ ಕೀಯನ್ನು ಯಂತ್ರದೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್ ಇಟ್ಟುಕೊಂಡಿರುತ್ತದೆ. ಸೆಕ್ಯೂರ್ ಬೂಟ್‌ನಂಥ ಬಯೋಸ್ ಸೆಟ್ಟಿಂಗ್ ಬದಲಾದರೆ ಯಾರೋ ಕೈಯಾಡಿಸಿದ್ದಾರೆಂದು ಅದು ಕೀ ಕೊಡುವುದಿಲ್ಲ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ಸಾಮಾನ್ಯವಾಗಿ ತಾನಾಗಿಯೇ ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದಲಾಗದಂತೆ ಲಾಕ್) ಆಗಿಬಿಡುತ್ತದೆ. ಮಾಲೀಕರಿಗೆ ಅದರ ಸುಳಿವೇ ಇರುವುದಿಲ್ಲ. ಹಾಗಾಗಿ ಬಯೋಸ್ ಮುಟ್ಟುವ ಮೊದಲೇ ಕೀ ಹುಡುಕಿ. ಮೈಕ್ರೋಸಾಫ್ಟ್ ಖಾತೆಯ ಪುಟವನ್ನು ಮೊಬೈಲ್‌ನಲ್ಲೇ ತೆರೆದು ಡಿವೈಸಸ್ ವಿಭಾಗದಲ್ಲಿ ನೋಡಬಹುದು. ಅಲ್ಲಿರುವ ಕೀ ಐಡಿಯ ಮೊದಲ 8 ಅಕ್ಷರಗಳು ನೀಲಿ ಪರದೆಯಲ್ಲಿ ಕಾಣುವ ಐಡಿಗೆ ಹೊಂದಬೇಕು. ನಿಮ್ಮ ಖಾತೆಯಲ್ಲಿ ಇಲ್ಲದಿದ್ದರೆ ಮೊದಲು ಸೆಟಪ್ ಮಾಡಿದವರ ಖಾತೆ ನೋಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಆಫೀಸಿನ ಐಟಿಯವರ ಹತ್ತಿರ ಇರಬಹುದು.

ಪರದೆ ಕಪ್ಪಾಯಿತು ಎಂದಷ್ಟೇ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಎಲ್ಲಿಯವರೆಗೆ ಬಂದು ಕಪ್ಪಾಯಿತು ಎಂಬುದು ಮುಖ್ಯ. ಆನ್ ಮಾಡಿದಾಗ ಲೋಗೋ ಕಾಣಿಸಿದರೆ ಪರದೆ, ಅದರ ಕೇಬಲ್, ರ‍್ಯಾಮ್ ಬಹುಮಟ್ಟಿಗೆ ಸರಿ ಇವೆ, ತೊಂದರೆ ವಿಂಡೋಸ್ ಕಡೆಯದು. ಲೋಗೋನೇ ಇಲ್ಲ, ಫ್ಯಾನ್ ಮಾತ್ರ ತಿರುಗುತ್ತಿದೆ ಎಂದರೆ ಹಾರ್ಡ್‌ವೇರ್ ನೋಡಬೇಕು. ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ, ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್. ಡೆಸ್ಕ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಕಾರ್ಡ್‌ಗೇ ಹೋಗಿದೆಯೇ ನೋಡಿ, ಮದರ್‌ಬೋರ್ಡ್‌ಗಲ್ಲ. ಆಮೇಲೆ ಪವರ್ ಕೇಬಲ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ಬಿಚ್ಚಿ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಕೂರಿಸಿ. ಇದ್ಯಾವುದಕ್ಕೂ ಫಾರ್ಮ್ಯಾಟ್ ಬೇಕಿಲ್ಲ.

ಲೋಗೋ ಬಂದು ಆಮೇಲೆ ಕಪ್ಪಾಗುತ್ತಿದ್ದರೆ ಮೊದಲು ಕಾಯಿರಿ. ಹಳೇ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಅಪ್‌ಡೇಟ್ ಮುಗಿಯಲು ಅರ್ಧ ಗಂಟೆ ಮೀರಬಹುದು. ಡಿಸ್ಕ್ ದೀಪ ಮಿನುಗುತ್ತಿರುವಾಗ ಪವರ್ ಆರಿಸಿದರೆ ಇಲ್ಲದ ತೊಂದರೆ ಹುಟ್ಟುತ್ತದೆ. ದೀಪ ಸುಮ್ಮನಾದ ಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಡಿಸ್‌ಪ್ಲೇ ಡ್ರೈವರ್ ಮತ್ತೆ ಶುರುವಾಗುತ್ತದೆ, ಬೀಪ್ ಕೇಳಿದರೆ ವಿಂಡೋಸ್ ಜೀವಂತ ಇದೆ ಎಂದರ್ಥ. ಮೌಸ್ ಬಾಣ ಕಾಣುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ರನ್ ನ್ಯೂ ಟಾಸ್ಕ್‌ನಲ್ಲಿ ಎಕ್ಸ್‌ಪ್ಲೋರರ್ (explorer) ಎಂದು ಟೈಪ್ ಮಾಡಿ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿಯೂ ನೋಡಿ.

ಇದಕ್ಕೂ ಬಗ್ಗದಿದ್ದರೆ ವಿಂಡೋಸ್‌ನ ರಿಕವರಿ ಪರದೆಗೆ ಹೋಗಬೇಕು. ಆನ್ ಮಾಡಿ, ಲೋಗೋ ಬಂದ ಕೂಡಲೇ ಪವರ್ ಬಟನ್ 10 ಸೆಕೆಂಡ್ ಒತ್ತಿ ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನೇ ಆಟೋಮ್ಯಾಟಿಕ್ ರಿಪೇರಿಗೆ ಹೋಗುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್, ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್. ಎನ್‌ಕ್ರಿಪ್ಟ್ ಆದ ಡಿಸ್ಕ್ ಇಲ್ಲೂ ಕೀ ಕೇಳಬಹುದು. ಪಿನ್ ಇಲ್ಲಿ ಕೆಲವೊಮ್ಮೆ ನಡೆಯುವುದಿಲ್ಲ, ಪಾಸ್‌ವರ್ಡ್ ಗೊತ್ತಿರಲಿ. ಸೇಫ್ ಮೋಡ್‌ನಲ್ಲಿ ಓಡುವುದು ಮೈಕ್ರೋಸಾಫ್ಟ್‌ನ ಸಾದಾ ಡ್ರೈವರ್, ಆದ್ದರಿಂದ ಅಲ್ಲಿ ಪರದೆ ಸರಿಯಾಗಿ ಕಂಡರೆ ಕಳ್ಳ ಡ್ರೈವರೇ ಎಂದು ಹೆಚ್ಚುಕಡಿಮೆ ಖಚಿತ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್, ಪ್ರಾಪರ್ಟೀಸ್, ಡ್ರೈವರ್, ರೋಲ್ ಬ್ಯಾಕ್. ಆ ಬಟನ್ ಮಂಕಾಗಿದ್ದರೆ ಡ್ರೈವರ್ ಸಮೇತ ಅನ್‌ಇನ್‌ಸ್ಟಾಲ್ ಮಾಡಿ, ಲ್ಯಾಪ್‌ಟಾಪ್ ಕಂಪನಿಯ ಪುಟದಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಹಾಕಿ. ಇಷ್ಟಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು ಕೆಲವು ವಾರ ತಡೆಹಿಡಿಯಿರಿ (ಪಾಜ್), ಇಲ್ಲವಾದರೆ ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ.

ಸೇಫ್ ಮೋಡ್ ಕೂಡ ಬರದಿದ್ದರೆ ರಿಪೇರಿಗೆ ಮೊದಲು ಡೇಟಾ ಬೇರೆಡೆಗೆ ಕಾಪಿ ಮಾಡಿಕೊಳ್ಳಿ. ಅದೇ ರಿಕವರಿಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ (notepad) ಎಂದು ಟೈಪ್ ಮಾಡಿ, ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿ. ತೆರೆದ ಕಿಟಕಿಯಲ್ಲೇ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಬಹುದು. ಎಷ್ಟಾಯಿತೆಂದು ಅದು ತೋರಿಸುವುದಿಲ್ಲ, ತಾಳ್ಮೆ ಬೇಕು. ಸಿ ಡ್ರೈವ್ ಇಲ್ಲಿ ಬೇರೆ ಅಕ್ಷರದಲ್ಲಿ ಕಾಣಬಹುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ತೆಗೆದರೆ ಎಲ್ಲ ಬಂತು ಎಂದುಕೊಳ್ಳಬೇಡಿ. ಟ್ಯಾಲಿಪ್ರೈಮ್‌ನ ಲೆಕ್ಕ ಸಾಮಾನ್ಯವಾಗಿ ಇರುವುದು ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್‌ನಲ್ಲಿ. ಅಂಗಡಿಗಳಲ್ಲಿ ಬ್ಯಾಕಪ್ ತೆಗೆಯುವಾಗಲೂ ಬಿಟ್ಟುಹೋಗುವುದು ಅದೇ.

ಅಂಗಡಿಗೆ ಕೊಡಲೇಬೇಕಾದರೆ ರಸೀದಿಯ ಮೇಲೆ 'ಡೇಟಾ ಇದೆ, ಕೇಳದೆ ಫಾರ್ಮ್ಯಾಟ್ ಮಾಡುವಂತಿಲ್ಲ' ಎಂದು ಬರೆಸಿ, ಸಹಿ ಹಾಕಿಸಿ. ಬಾಯಿಮಾತು ಬೇಡ.

ಈಗಾಗಲೇ ಫಾರ್ಮ್ಯಾಟ್ ಆಗಿಹೋಗಿದ್ದರೆ ಡಿಸ್ಕ್ ಯಾವುದೆಂದು ನೋಡಿ. ಹಳೇ ಹಾರ್ಡ್ ಡಿಸ್ಕ್ ಆದರೆ ತಕ್ಷಣ ಆಫ್ ಮಾಡಿ, ಅದರ ಮೇಲೆ ಏನೂ ಬರೆಯದೆ ಡೇಟಾ ರಿಕವರಿ ಮಾಡುವವರಿಗೆ ಕೊಡಿ, ಒಂದಿಷ್ಟು ಸಿಗಬಹುದು. ಎಸ್‌ಎಸ್‌ಡಿ (ಚಿಪ್‌ನ ಹೊಸ ಬಗೆಯ ಡಿಸ್ಕ್) ಆದರೆ ಟ್ರಿಮ್ ಎಂಬ ಆದೇಶ ಖಾಲಿ ಜಾಗವನ್ನು ಒಳಗಿನಿಂದಲೇ ಅಳಿಸಿಬಿಡುತ್ತದೆ. ಎನ್‌ಕ್ರಿಪ್ಟ್ ಕೂಡ ಆಗಿದ್ದರೆ ರಿಕವರಿಗೆಂದು ಸಾವಿರಾರು ರೂಪಾಯಿ ಕಳೆದುಕೊಳ್ಳಬೇಡಿ. ಟ್ಯಾಲಿ ಬ್ಯಾಕಪ್ ಆಡಿಟರ್ ಹತ್ತಿರವೋ ಹಳೇ ಇಮೇಲ್‌ನಲ್ಲೋ ಇದೆಯೇ ಹುಡುಕುವುದು ಮೇಲು. ಡಿಟಿಪಿಯವರಿಗೆ ಇನ್ನೊಂದು ಮಾತು: ಉಳಿಸಿಕೊಂಡ ಕನ್ನಡ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಹಾಳಾಗಿದೆ ಎಂದು ಅಳಿಸಬೇಡಿ. ಹೊಸ ವಿಂಡೋಸ್‌ನಲ್ಲಿ ನುಡಿ ಅಥವಾ ಬರಹದ ಹಳೇ ಫಾಂಟ್ ಇಲ್ಲದ್ದರಿಂದ ಹಾಗೆ ಕಾಣುತ್ತದೆ, ಫಾಂಟ್ ಹಾಕಿದರೆ ಅಕ್ಷರಗಳು ಸರಿಹೋಗುತ್ತವೆ.