ಮಣಿ, ದಾರ, ಬಣ್ಣದ ಡಬ್ಬಿಗಳಿಗೆ ಯಾವ ಲೇಬಲ್ ಮೇಕರ್?

ಕರಕುಶಲ ಸಾಮಾನು ಜೋಡಿಸಿಡಲು ಲೇಬಲ್ ಮೇಕರ್ ಕೊಳ್ಳುವಾಗ ಕಣ್ಣು ಮೊದಲು ಹೋಗುವುದು ಎಷ್ಟು ಫಾಂಟ್ ಇವೆ, ಎಷ್ಟು ಪುಟ್ಟ ಚಿತ್ರಗಳಿವೆ ಎಂಬುದರ ಕಡೆಗೆ. ಬಳಕೆಗೆ ಬಿದ್ದ ಮೇಲೆ ಅವನ್ನು ಯಾರೂ ಮುಟ್ಟುವುದಿಲ್ಲ. ಆಮೇಲೆ ಕಾಡುವುದೇ ಬೇರೆ: ಡಬ್ಬಿಯ ಮೂಲೆಯಲ್ಲಿ ಚೀಟಿ ಏಳುತ್ತದೆ, ಕೈಯಲ್ಲಿದ್ದ ಸ್ಪಿರಿಟ್ ತಗುಲಿ ಅಕ್ಷರ ಕೆಡುತ್ತದೆ, ಟೇಪ್ ಅರ್ಧಕ್ಕರ್ಧ ಪೋಲಾಗುತ್ತದೆ. ಇವೆಲ್ಲ ಯಂತ್ರಕ್ಕಿಂತ ಅದರೊಳಗೆ ಹಾಕುವ ಟೇಪಿನ ಗುಣ. ಹಾಗಾಗಿ ಇದು ಹೆಸರಿಗೆ ಯಂತ್ರಗಳ ಹೋಲಿಕೆ, ನಿಜಕ್ಕೆ ಟೇಪುಗಳದ್ದು.

ಅಕ್ಕಪಕ್ಕ ಇಟ್ಟು ನೋಡಿದ್ದು ನಾಲ್ಕು ಬಗೆ. ಬಿಲ್ಲೆ ತಿರುಗಿಸಿ, ಹಿಡಿ ಒತ್ತಿ ಅಕ್ಷರ ಉಬ್ಬಿಸುವ ಹಳೆಯ ಡೈಮೋ ಮಾದರಿ. ಇದರದು 9 ಮಿಮೀ ಅಗಲದ ವಿನೈಲ್ ಪಟ್ಟಿ. ಡೈಮೋ ಲೆಟ್ರಾಟ್ಯಾಗ್ ಎಲ್‌ಟಿ-100ಎಚ್. 12 ಮಿಮೀ ಅಗಲ, 4 ಮೀಟರ್ ಉದ್ದದ ಟೇಪ್. ಬ್ರದರ್ ಪಿ-ಟಚ್ ಡಿ210, ಜೊತೆಗೆ ಅದೇ ಟೇಪನ್ನು ಫೋನಿನಿಂದ ಮುದ್ರಿಸುವ ಪಿ-ಟಚ್ ಕ್ಯೂಬ್. ಎರಡೂ 12 ಮಿಮೀವರೆಗಿನ ಟಿಜೆಡ್‌ಇ ಟೇಪ್ ಹಿಡಿಯುತ್ತವೆ, ಸಾಮಾನ್ಯ ಸುರುಳಿ 8 ಮೀಟರ್. ಕೊನೆಯದು ನೀಮ್‌ಬಾಟ್ ಡಿ11. ಕೀಲಿಮಣೆ ಇಲ್ಲ, ಫೋನ್ ಆ್ಯಪ್ ಮಾತ್ರ, ಮೊದಲೇ ಕತ್ತರಿಸಿದ ಚೀಟಿಗಳ ಸುರುಳಿ. ಚೀಟಿ ಅಂಟಿಸಿದ್ದು ಪಾಲಿಪ್ರೊಪಿಲೀನ್ ಡಬ್ಬಿ, ಗಾಜಿನ ಭರಣಿ, ಅಕ್ರಿಲಿಕ್ ಬಣ್ಣದ ಹಿಂಡುವ ಬಾಟಲಿ, ಬಟ್ಟೆ ಚೀಲ ಇವುಗಳ ಮೇಲೆ.

ಅಕ್ಷರ ಎಲ್ಲಿ ಕೂತಿದೆ?

ಪಿ-ಟಚ್‌ನ ಟಿಜೆಡ್‌ಇ ಟೇಪಿನಲ್ಲಿ ಮಸಿ ಮೇಲ್ಭಾಗದಲ್ಲಿ ಇರುವುದೇ ಇಲ್ಲ. ಮೇಲಿನ ಪಾರದರ್ಶಕ ಪೊರೆಯ ಒಳಮೈಗೆ ಅಕ್ಷರ ತಿರುಗುಮುರುಗಾಗಿ ಮುದ್ರಣವಾಗುತ್ತದೆ, ಆಮೇಲೆ ಆ ಪೊರೆ ಅಂಟಿರುವ ತಳಪಟ್ಟಿಗೆ ಒತ್ತಿಕೊಳ್ಳುತ್ತದೆ. ಹೀಗಾಗಿ ಉಗುರಿನಿಂದ ಕೆರೆದರೂ, ಸ್ಪಿರಿಟ್ ಹತ್ತಿಯಿಂದ ಉಜ್ಜಿದರೂ ಕೈಗೆ ಸಿಗುವುದು ಪೊರೆ ಮಾತ್ರ. ರೆಸಿನ್, ಆಲ್ಕೋಹಾಲ್ ಇಂಕ್, ಅಕ್ರಿಲಿಕ್ ಬಣ್ಣ ಬಳಸುವವರ ಮೇಜಿನಲ್ಲಿ ಇದಕ್ಕೆ ಸಾಟಿಯಿಲ್ಲ. ಬಣ್ಣ ಸಿಡಿದು ಒಣಗಿದ್ದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೆಸರು ಮತ್ತೆ ಕಾಣುತ್ತದೆ. ಡೈಮೋದ ಲೇಬಲ್‌ಮ್ಯಾನೇಜರ್ ಸಾಲಿನ ಡಿ1 ಟೇಪ್ ಕೂಡ ರಿಬ್ಬನ್ ಮಸಿಯಿಂದಲೇ ಮುದ್ರಿಸುತ್ತದೆ, ಆದರೆ ಮೇಲೆ ಪೊರೆ ಇಲ್ಲ. ಡ್ರಾಯರ್‌ಗೆ ಸಾಕು, ದಿನಕ್ಕೆ ಹತ್ತು ಸಲ ಕೈಗೆ ಬರುವ ಬಾಟಲಿಗೆ ಸಾಲದು.

ಲೆಟ್ರಾಟ್ಯಾಗ್ ಮತ್ತು ಡಿ11 ಎರಡರಲ್ಲೂ ಮಸಿಯೇ ಇಲ್ಲ. ಚೀಟಿಯ ಮೇಲಿನ ಲೇಪಕ್ಕೆ ಶಾಖ ತಾಗಿ ಅದೇ ಕಪ್ಪಾಗುತ್ತದೆ, ಇದೇ ಥರ್ಮಲ್ ಬಗೆ. ಶಾಖದಿಂದ ಮೂಡಿದ್ದು ಶಾಖದಿಂದಲೇ ಕೆಡುತ್ತದೆ: ಉಬ್ಬು ಪುಡಿ ಕರಗಿಸುವ ಹೀಟ್ ಗನ್ ಹತ್ತಿರ ಬಂದರೆ ಚೀಟಿ ಇಡಿಯಾಗಿ ಕಪ್ಪಾಗುತ್ತದೆ, ಬಿಸಿಲು ಬೀಳುವ ಕಪಾಟಿನಲ್ಲಿ ಅಕ್ಷರ ಕ್ರಮೇಣ ಮಂಕಾಗುತ್ತದೆ. ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಶತ್ರು ಮೆತ್ತನೆಯ ಪಿವಿಸಿ ಚೀಲ. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ದ್ರವ ನಿಧಾನವಾಗಿ ಹೊರಬಂದು ಲೇಪವನ್ನು ಕೆಡಿಸುತ್ತದೆ; ಚೀಲದೊಳಗೆ ಇಟ್ಟ ಥರ್ಮಲ್ ಚೀಟಿ ಬಿಸಿಲು ಕಾಣದೆಯೂ ಬಿಳಿಚಿಕೊಳ್ಳುತ್ತದೆ. ಕಾಗದದ ಟೇಪಿನ ಮೇಲೆ ಸ್ಪಿರಿಟ್ ಹನಿ ಬಿದ್ದರೆ ಕಲೆ ಖಚಿತ. ಪ್ಲಾಸ್ಟಿಕ್ ಟೇಪ್ ಅದಕ್ಕಿಂತ ಎಷ್ಟೋ ಮೇಲು, ನೀರಿಗೆ ಜಗ್ಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಥರ್ಮಲ್ ಬಗೆಯನ್ನು ಕಡೆಗಣಿಸಬೇಕಿಲ್ಲ. ಮುಚ್ಚಿದ ಡ್ರಾಯರಿನ ಮಣಿ ಡಬ್ಬಿ, ಗುಂಡಿ ಡಬ್ಬಿ, ಕಾಗದದ ಪೆಟ್ಟಿಗೆಗಳಿಗೆ ಇಂಥ ಕಷ್ಟ ಬರುವುದೇ ಅಪರೂಪ. ಸಾಮಾನು ಬದಲಾದಂತೆ ಚೀಟಿಯೂ ಬದಲಾಗುವ ಕಡೆ ಹತ್ತು ವರ್ಷ ಬಾಳುವ ಟೇಪ್ ಯಾಕೆ ಬೇಕು?

ಉಬ್ಬಕ್ಷರದ ಪಟ್ಟಿಯದು ಇನ್ನೊಂದೇ ದಾರಿ. ವಿನೈಲ್ ಎಳೆತಕ್ಕೆ ಸಿಕ್ಕಿದ ಜಾಗ ಬಿಳಿಚುತ್ತದೆ, ಆ ಬಿಳುಪೇ ಅಕ್ಷರ. ಅಳಿಸಲು ಮಸಿಯಿಲ್ಲ, ಮುಗಿಯಲು ಬ್ಯಾಟರಿಯಿಲ್ಲ. ಆದರೆ ಬಿಸಿ ತಗುಲಿದರೆ ಉಬ್ಬು ತಗ್ಗುತ್ತದೆ. ಒಂದೊಂದು ಅಕ್ಷರಕ್ಕೂ ಬಿಲ್ಲೆ ತಿರುಗಿಸಬೇಕಾದ್ದರಿಂದ ಇಪ್ಪತ್ತು ಡಬ್ಬಿ ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ. ಮರದ ಪೆಟ್ಟಿಗೆ, ತಗಡಿನ ಡಬ್ಬಿಗಳ ಚಪ್ಪಟೆ ಮುಖಕ್ಕೆ ನೋಡಲು ಚೆಂದ. ಮುಖ್ಯ ಯಂತ್ರವಾಗಿ ಬೇಡ.

ಡಬ್ಬಿಯದೇ ತಪ್ಪು, ಟೇಪಿನದಲ್ಲ

ಚೀಟಿ ಏಳುತ್ತದೆ ಎಂಬ ದೂರಿನಲ್ಲಿ ದೊಡ್ಡ ಪಾಲು ಡಬ್ಬಿಯದು. ವಿಭಾಗಗಳಿರುವ ಅಗ್ಗದ ಮಣಿ ಡಬ್ಬಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್. ತಳದ ತ್ರಿಕೋನದಲ್ಲಿ 5 ಎಂದಿರುತ್ತದೆ. ಈ ಪ್ಲಾಸ್ಟಿಕ್ಕಿನ ಮೈಗೆ ಅಂಟು ಸರಿಯಾಗಿ ಹರಡಿಕೊಳ್ಳುವುದಿಲ್ಲ, ಮೇಣ ಬಳಿದ ಕಾಗದದ ಮೇಲೆ ನೀರು ಹನಿಯಾಗಿ ನಿಲ್ಲುವ ಹಾಗೆ. ಮೇಲ್ಮೈ ತರಿತರಿಯಾಗಿದ್ದರೆ ಅಂಟು ಬರೀ ಏಣುಗಳಿಗೆ ತಾಗಿ ನಿಲ್ಲುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ಗಾಜು ಮತ್ತು ಗಟ್ಟಿ ಅಕ್ರಿಲಿಕ್ ಡಬ್ಬಿಗಳ ಮೇಲೆ ನಾಲ್ಕೂ ಬಗೆ ಭದ್ರವಾಗಿ ಕೂರುತ್ತವೆ. ಸಿಲಿಕೋನ್ ಅಚ್ಚಿನ ಮೇಲೆ ಯಾವುದೂ ನಿಲ್ಲದು. ಅಚ್ಚು ಇಡುವ ಡಬ್ಬಿಗೆ ಅಂಟಿಸಿ.

ಪಾಲಿಪ್ರೊಪಿಲೀನ್‌ಗೆ ಅಂಟಿಸುವ ಕ್ರಮ ಹೀಗೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಜಾಗ ಒರೆಸಿ. ಅಚ್ಚಿನ ಎಣ್ಣೆ, ಬೆರಳಿನ ಜಿಡ್ಡು ಎರಡೂ ಹೋಗಬೇಕು. ಪೂರ್ತಿ ಆರಲು ಬಿಡಿ. ಟಿಜೆಡ್‌ಇ ಟೇಪಿನ ಹಿಂಬದಿ ಕಾಗದ ಉದ್ದಕ್ಕೂ ಸೀಳಿರುತ್ತದೆ. ಸ್ವಲ್ಪ ಬಾಗಿಸಿದರೆ ಬಿಡಿಸಿಕೊಳ್ಳುತ್ತದೆ, ಮೂಲೆ ಕೆದಕಬೇಡಿ, ಕೆದಕಿದ ಮೂಲೆಯೇ ಮೊದಲು ಏಳುವುದು. ನಡುವಿನಿಂದ ತುದಿಗಳ ಕಡೆಗೆ ಒತ್ತಿ, ಕೊನೆಗೆ ನಾಲ್ಕೂ ಮೂಲೆಗಳನ್ನು ಉಗುರಿನ ಬೆನ್ನಿನಿಂದ ತಿಕ್ಕಿ. ಅಂಟು ಪೂರ್ಣ ಹಿಡಿತಕ್ಕೆ ಬರಲು ಒಂದು ದಿನ ಬೇಕು, ಅಷ್ಟರವರೆಗೆ ಎಳೆದು ಪರೀಕ್ಷಿಸುವ ಚಪಲ ಬೇಡ. ಕತ್ತರಿಯಿಂದ ಮೂಲೆಗಳನ್ನು ದುಂಡಗೆ ಮಾಡಿದರೆ ಬಟ್ಟೆ, ದಾರ ಸಿಕ್ಕಿಕೊಂಡು ಏಳುವುದು ತಪ್ಪುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಟಿಜೆಡ್‌ಇಯಲ್ಲೇ ಹೆಚ್ಚು ಬಲದ ಅಂಟಿನ ಬಗೆ ಇದೆ, ಹೆಸರಿನಲ್ಲಿ ‘ಎಸ್’ ಸೇರಿರುತ್ತದೆ. ಅಂಥ ಆಯ್ಕೆ ಡಿ11ರ ಚೀಟಿಗಳಲ್ಲಿ ಇಲ್ಲ.

ಬಾಟಲಿಯ ವಿಚಾರ ಬೇರೆ. ಹಿಂಡುವ ಬಾಟಲಿ ಒತ್ತಿದಾಗಲೆಲ್ಲ ಮೈ ಬಾಗುತ್ತದೆ, ಟೇಪ್ ಬಾಗುವುದಿಲ್ಲ. ಬಾಟಲಿಯ ಸುತ್ತ ಅಡ್ಡಲಾಗಿ ಅಂಟಿಸಿದ ಚೀಟಿಯ ಎರಡೂ ತುದಿ ಏಳುತ್ತವೆ. ಅದನ್ನೇ ಬಾಟಲಿಯ ಉದ್ದಕ್ಕೆ, ಕತ್ತಿನ ಹತ್ತಿರ ಅಂಟಿಸಿದರೆ ಉಳಿಯುತ್ತದೆ. ಸಣ್ಣ ಬಾಟಲಿಗಳಿಗೆ ತಂತಿಗಳಿಗೆಂದೇ ಮಾಡಿದ ಬಾಗುವ ಟೇಪ್ ಒಳ್ಳೆಯದು. ಟಿಜೆಡ್‌ಇಯಲ್ಲಿ ಅದಕ್ಕೆ ‘ಎಫ್‌ಎಕ್ಸ್’ ಗುರುತು. ಉಬ್ಬಕ್ಷರದ ಗಡುಸು ಪಟ್ಟಿಯನ್ನು ದುಂಡು ಬಾಟಲಿಗೆ ಹಚ್ಚುವುದು ದಂಡ.

ಪಾರದರ್ಶಕ ಟೇಪ್ ಕೊಳ್ಳುವ ಮುನ್ನ ಡಬ್ಬಿಯೊಳಗೆ ಏನಿದೆ ನೋಡಿ. ಕಪ್ಪು ಅಕ್ಷರದ ಟಿಜೆಡ್‌ಇ-131 ಖಾಲಿ ಡಬ್ಬಿಯ ಮೇಲೆ ಸೊಗಸು, ಕಡುನೀಲಿ ಮಣಿ ತುಂಬಿದ ಕೂಡಲೇ ಮಾಯ. ಗಾಢ ಬಣ್ಣಗಳಿಗೆ ಬಿಳಿ ಅಕ್ಷರದ ಟಿಜೆಡ್‌ಇ-135. ಎರಡೂ ಕೊಳ್ಳುವ ಮನಸ್ಸಿಲ್ಲದಿದ್ದರೆ ಬಿಳಿ ಪಟ್ಟಿಯ ಮೇಲೆ ಕಪ್ಪು ಅಕ್ಷರದ 231ರಲ್ಲೇ ಎಲ್ಲ ಮುಗಿಸಿ.

ಪೋಲಿನ ಲೆಕ್ಕ

ಪಿ-ಟಚ್‌ನ ದೊಡ್ಡ ಕೊರತೆ ಇದು. ಮುದ್ರಣದ ತಲೆಗೂ ಕತ್ತರಿಗೂ ನಡುವೆ ಅಂತರವಿರುವುದರಿಂದ ಪ್ರತಿ ಚೀಟಿಯ ಮುಂದೆ ಸುಮಾರು 25 ಮಿಮೀ ಖಾಲಿ ಟೇಪ್ ಹೊರಬರುತ್ತದೆ. ದಾರದ ಬಣ್ಣದ ಸಂಖ್ಯೆ ‘310’ ಎಂಬ ಮೂರಂಕಿಗೆ ಒಂದು ಇಂಚು ದಂಡ! ಚೀಟಿ 30 ಮಿಮೀ ಎಂದುಕೊಂಡರೆ ಒಂದೊಂದಕ್ಕೆ 55 ಮಿಮೀ ಖರ್ಚು. 8 ಮೀಟರಿಗೆ 145 ಚೀಟಿ. ಮಾರ್ಜಿನ್ ಆಯ್ಕೆಯಲ್ಲಿ ಸರಣಿ ಮುದ್ರಣ ಆರಿಸಿ ಒಂದರ ಬೆನ್ನಿಗೆ ಒಂದರಂತೆ ತೆಗೆದರೆ ನಡುವೆ ಬರೀ ನಾಲ್ಕೈದು ಮಿಮೀ ಹೋಗುತ್ತದೆ, ಅದೇ ಟೇಪಿನಲ್ಲಿ 230 ದಾಟುತ್ತದೆ. ಒಂದು ಎಚ್ಚರ: ಸರಣಿಯಲ್ಲಿ ಕೊನೆಯ ಚೀಟಿ ಯಂತ್ರದೊಳಗೇ ಉಳಿದಿರುತ್ತದೆ. ಟೇಪ್ ಮುಂದೆ ಸರಿಸುವ ಆಜ್ಞೆ ಕೊಡದೆ ಕತ್ತರಿಸಿದರೆ ಅಕ್ಷರದ ಮೇಲೇ ಕತ್ತರಿ ಆಡುತ್ತದೆ. ಇನ್ನೂ ಸರಳ ಉಪಾಯವಿದೆ: ಐದಾರು ಹೆಸರುಗಳನ್ನು ನಡುವೆ ನಾಲ್ಕು ಖಾಲಿ ಜಾಗ ಬಿಟ್ಟು ಒಂದೇ ಸಾಲಾಗಿ ಬೆರಳಚ್ಚಿಸಿ, ಮುದ್ರಿಸಿ, ಕತ್ತರಿಯಿಂದ ಬೇರೆ ಮಾಡುವುದು.

ಡಿ11ರಲ್ಲಿ ಈ ರಗಳೆಯಿಲ್ಲ. 12×40 ಮಿಮೀ ಸುರುಳಿಯಲ್ಲಿ 160 ಚೀಟಿ, 160ಕ್ಕೆ 160ವೂ ಬಳಕೆಗೆ. ಬದಲಿಗೆ ‘310’ಕ್ಕೂ 40 ಮಿಮೀ ಚೀಟಿಯೇ ಗತಿ. ಸುರುಳಿಯೊಳಗಿನ ಆರ್‌ಎಫ್‌ಐಡಿ ಚಿಪ್ ಓದಿ ಯಂತ್ರ ಅಳತೆ ತಾನೇ ತಿಳಿದುಕೊಳ್ಳುತ್ತದೆ. ಅದೇ ಚಿಪ್ಪಿನಿಂದಾಗಿ ಬೇರೆ ಯಾರ ಸುರುಳಿಯೂ ಅದಕ್ಕೆ ಹಿಡಿಸುವುದಿಲ್ಲ. ಆ್ಯಪ್ ಇಲ್ಲದೆ ಒಂದಕ್ಷರವೂ ಬಾರದು ಎಂಬುದನ್ನೂ ಇದರ ಜೊತೆಗೇ ತೂಗಿ ನೋಡಬೇಕು.

ಕನ್ನಡದಲ್ಲಿ ಬೇಕೆಂದರೆ

ಕೀಲಿಮಣೆಯ ಯಂತ್ರಗಳು ಇಲ್ಲಿಗೇ ಹೊರಗೆ. ಡಿ210, ಲೆಟ್ರಾಟ್ಯಾಗ್ 100ಎಚ್, ಉಬ್ಬಕ್ಷರದ ಬಿಲ್ಲೆ, ಮೂರರಲ್ಲೂ ಕನ್ನಡವಿಲ್ಲ. ಫೋನಿಗೆ ಜೋಡಿಸುವ ಕ್ಯೂಬ್ ಮತ್ತು ಡಿ11 ಮಾತ್ರ ಉಳಿಯುತ್ತವೆ. ಅಲ್ಲೂ ಒತ್ತಕ್ಷರ ಒಡೆದು ‘ಕ್ರೋಶಾ’ ಎಂಬುದು ಕ, ಹಲಂತದ ಗುರುತು, ರ ಎಂದು ಬಿಡಿಬಿಡಿಯಾಗಿ ಕಂಡರೆ, ಆ್ಯಪಿನ ಅಲಂಕಾರಿಕ ಫಾಂಟ್ ಬಿಟ್ಟು ಫೋನಿನದೇ ಫಾಂಟ್ ಆರಿಸಿ. ಆಗಲೂ ಸರಿಹೋಗದಿದ್ದರೆ ಪದವನ್ನು ಬೇರೆ ಕಡೆ ದೊಡ್ಡದಾಗಿ ಬರೆದು, ಪರದೆಯ ಚಿತ್ರ ತೆಗೆದು, ಚಿತ್ರವಾಗಿಯೇ ಸೇರಿಸಿ. ಹಿನ್ನೆಲೆ ಅಚ್ಚ ಬಿಳಿ, ಅಕ್ಷರ ಅಚ್ಚ ಕಪ್ಪು ಇರಲಿ. ಬೂದು ಬಣ್ಣವನ್ನು ಯಂತ್ರ ಚುಕ್ಕೆ ಚುಕ್ಕೆಯಾಗಿ ಮಾಡಿಬಿಡುತ್ತದೆ.

ಎತ್ತರದ ಲೆಕ್ಕವನ್ನೂ ನೋಡಿ. ಕ್ಯೂಬ್ 180 ಡಿಪಿಐ, ಅಂದರೆ ಮಿಲಿಮೀಟರಿಗೆ ಏಳು ಚುಕ್ಕೆ. 12 ಮಿಮೀ ಟೇಪಿನಲ್ಲಿ ಅಕ್ಷರಕ್ಕೆ ಸಿಗುವುದು ಸುಮಾರು 9 ಮಿಮೀ, 64 ಚುಕ್ಕೆ. ಡಿ11 203 ಡಿಪಿಐ, ಮಿಲಿಮೀಟರಿಗೆ ಎಂಟು. ಎರಡು ಸಾಲು ಹಾಕಿದರೆ ಕ್ಯೂಬ್‌ನಲ್ಲಿ ಒಂದು ಸಾಲಿಗೆ 32 ಚುಕ್ಕೆ. ಮೇಲೆ ತಲೆಕಟ್ಟು, ಕೆಳಗೆ ಒತ್ತು ಕಳೆದರೆ ಮೂಲ ಅಕ್ಷರಕ್ಕೆ ಉಳಿಯುವುದು ಹೆಚ್ಚುಕಡಿಮೆ ಅದರ ಅರ್ಧ. ಅಷ್ಟರಲ್ಲಿ ದ ಮತ್ತು ಧ, ಬ ಮತ್ತು ಭ ಬೇರೆಯಾಗಿ ಕಾಣಲು ಬೇಕಾದ ಆ ಪುಟ್ಟ ಸೀಳು ಮುಚ್ಚಿಹೋಗುತ್ತದೆ. ದಪ್ಪ ಅಕ್ಷರ ಆರಿಸಿದರೆ ಇನ್ನೂ ಬೇಗ. ಕನ್ನಡಕ್ಕೆ ಒಂದೇ ಸಾಲು, ಸಾಧಾರಣ ದಪ್ಪ. ಡಿ11ರಲ್ಲಿ ಮುದ್ರಣದ ಸಾಂದ್ರತೆಯನ್ನು ಒಂದು ಮೆಟ್ಟಿಲು ಇಳಿಸಿದರೆ ಸೀಳುಗಳು ಉಳಿಯುತ್ತವೆ. ಕನ್ನಡದ್ದೇ ಚೀಟಿ ಬೇಕು, ಡಬ್ಬಿಗಳು ಡ್ರಾಯರಿನಲ್ಲಿರುತ್ತವೆ ಎನ್ನುವವರಿಗೆ ಡಿ11 ಸಾಕು. ಬಣ್ಣ, ರೆಸಿನ್ ನಡುವೆಯೂ ಕನ್ನಡ ಉಳಿಯಬೇಕೆಂದರೆ ಕ್ಯೂಬ್. ಬರೀ ಅಳತೆ, ಸಂಖ್ಯೆ, ಇಂಗ್ಲಿಷ್ ಹೆಸರು ಸಾಕಾದರೆ ಫೋನ್ ಹುಡುಕುವ ಕೆಲಸವಿಲ್ಲದ ಡಿ210 ಎಲ್ಲಕ್ಕಿಂತ ಚುರುಕು.

ಕೈಕೊಡುವ ಸಂದರ್ಭಗಳು

ಟೇಪಿನ ಉದ್ದಕ್ಕೂ ಸಣ್ಣ ಬಿಳಿ ಗೆರೆ ಬರುತ್ತಿದ್ದರೆ ಮುದ್ರಣದ ತಲೆಯ ಮೇಲೆ ಧೂಳು ಕೂತಿದೆ; ಹತ್ತಿ ಕಡ್ಡಿಗೆ ಆಲ್ಕೋಹಾಲ್ ಹಚ್ಚಿ ಒರೆಸಿ. ಮಿಂಚಿನ ಪುಡಿ ಹಾರುವ ಮೇಜಿನಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಹೊರಗೆ ಇಣುಕುವ ಟೇಪನ್ನು ಕೈಯಿಂದ ಎಂದೂ ಎಳೆಯಬೇಡಿ. ರಿಬ್ಬನ್ ಸಡಿಲವಾಗಿ ಒಳಗೇ ಸುತ್ತಿಕೊಳ್ಳುತ್ತದೆ. ಹೊಸ ಕ್ಯಾಸೆಟ್ ಹಾಕುವಾಗ ರಿಬ್ಬನ್ ಜೋಲುತ್ತಿದ್ದರೆ ಪೆನ್ಸಿಲ್ ತೂರಿಸಿ, ಬಾಣದ ಗುರುತಿನ ಕಡೆಗೆ ತಿರುಗಿಸಿ ಬಿಗಿ ಮಾಡಿ. ಡಿ210ಕ್ಕೆ ಆರು ಎಎಎ ಸೆಲ್ ಬೇಕು. ಸಾಮಾನ್ಯ ಸೆಲ್ ಆರು ಸೇರಿ 9 ವೋಲ್ಟ್, ಮರುಚಾರ್ಜಿನವು 7.2, ಅರ್ಧ ಖಾಲಿಯಾದ ಮರುಚಾರ್ಜ್ ಸೆಲ್ ಹಾಕಿ ಮುದ್ರಣ ಮಂಕು ಎಂದು ಟೇಪನ್ನು ದೂರುವುದು ಸಾಮಾನ್ಯ.

ಬಟ್ಟೆ ಚೀಲಕ್ಕೆ ಮಾಮೂಲಿ ಟೇಪ್ ಯಾವುದೂ ನಿಲ್ಲುವುದಿಲ್ಲ. ಇಸ್ತ್ರಿ ಮಾಡಿ ಅಂಟಿಸುವ ಟೇಪ್ ಪಿ-ಟಚ್‌ಗೂ ಇದೆ, 3 ಮೀಟರ್. ಲೆಟ್ರಾಟ್ಯಾಗ್‌ಗೂ ಇದೆ, 2 ಮೀಟರ್. ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಮೇಲಿನಿಂದ ಒತ್ತಿ ಹಿಡಿದು, ಪೂರ್ತಿ ತಣ್ಣಗಾಗುವವರೆಗೆ ಮುಟ್ಟದಿದ್ದರೆ ಕೂರುತ್ತದೆ. ನೈಲಾನ್ ಚೀಲ ಬಿಸಿಗೆ ಕರಗೀತು. ಅದಕ್ಕೆ ತೂಗುಚೀಟಿಯೇ ಸರಿ.

ಕಸೂತಿ ದಾರ ಸುತ್ತಿದ ರಟ್ಟಿನ ಬಾಬಿನ್‌ಗೆ ಈ ನಾಲ್ಕರಲ್ಲಿ ಯಾವುದೂ ಬೇಡ. ಬಾಬಿನ್‌ನ ತಲೆಯಲ್ಲಿ 12 ಮಿಮೀ ಟೇಪಿಗೆ ಜಾಗ ಸಾಲದು, ದಾರ ಮುಗಿದು ಬೇರೆ ಬಣ್ಣ ಸುತ್ತಿದಾಗ ಕೀಳಲು ಹೋದರೆ ರಟ್ಟೇ ಸಿಪ್ಪೆಯಾಗಿ ಬರುತ್ತದೆ. ಡಿಎಂಸಿ ಕಂಪನಿಯ ಕಪ್ಪು ದಾರಕ್ಕೆ ‘310’ ಎಂದು ಸಪೂರ ಪೆನ್ನಿನಲ್ಲಿ ರಟ್ಟಿನ ಮೇಲೇ ಬರೆಯಿರಿ. ಯಂತ್ರದ ಚೀಟಿ ಬಾಬಿನ್‌ಗಳನ್ನು ಇಡುವ ಪೆಟ್ಟಿಗೆಗೆ ಹೋಗಲಿ.